ಜಾಗ ಹಿಡಿದವಳು

‘ಪ್ಲೇಸ್’ ಅನ್ನುವ ಒಂದು ಸಣ್ಣ ಪದಕ್ಕೆ ಇಷ್ಟೊಂದು ಅರ್ಥಗಳಿರಬಾರದಿತ್ತು ಎಂದು ಬೆಳಗಿನಿಂದ ಅವಳಿಗೆ ಸಿಟ್ಟು. ಇಂಗ್ಲಿಷಿನವರ ಮೇಲಲ್ಲ, ಪಾಪ, ಅವರೇನು ಮಾಡಿಯಾರು. ನಿಘಂಟು ಕಚೇರಿಯ ಮಹಡಿಯ ಮೇಲೆ ಕಿಟಕಿಗೆ ಬೆನ್ನು ಹಾಕಿ ಕೂತು ಅವಳು ಇಂಥ ಪದಗಳನ್ನು ಎಷ್ಟೋ ವರ್ಷಗಳಿಂದ ಬಿಡಿಸುತ್ತ ಬಂದವಳು. ಬಟಾಣಿ ಸುಲಿದ ಹಾಗೆ ಒಂದೊಂದೇ ಅರ್ಥವನ್ನು ಸುಲಿದು ಸಾಲಾಗಿ ಇಟ್ಟುಬಿಡುತ್ತಿದ್ದಳು. ಈ ಸಲದ ಪರಿಷ್ಕರಣೆಯಲ್ಲಿ ‘ಪಿ’ ಅಕ್ಷರ ಅವಳ ಪಾಲಿಗೆ ಬಂದಿತ್ತು. ನಿನ್ನೆ ಒಪ್ಪಿಸಿದ ಕರಡನ್ನೇ ಮತ್ತೆ ತಿದ್ದಿ ಬರೆಯಲು ಕೂತು ಜಾಗ, ಸ್ಥಳ, ತಾವು, ಎಡೆ ಎಂದು ಬರೆದಳು. ಊರು ಎಂದು ಬರೆದಳು. ಮನೆ ಎಂದು ಬರೆದಳು, ಯಾಕೆಂದರೆ ಈಗಿನವರು ‘ನಮ್ಮ ಪ್ಲೇಸಿಗೆ ಬಾ’ ಅಂದರೆ ಮನೆಗೆ ಬಾ ಅಂತಲೇ ಅರ್ಥ. ಆಸನ ಎಂದು ಬರೆಯಲು ಹೋದಾಗ ಮಾತ್ರ ಪೆನ್ನು ನಿಂತಿತು. ಆಸನ ಅನ್ನುವುದು ತೀರ ಪುಸ್ತಕದ ಮಾತಾಯಿತು, ಯಾರೂ ಹಾಗೆ ಅನ್ನುವುದಿಲ್ಲ, ಕುರ್ಚಿ ಅನ್ನುತ್ತಾರೆ. ನಿನ್ನೆ ಪಾಪು ಅಂದದ್ದೂ ಕುರ್ಚಿ ಎಂದೇ. ಊಟದ ಮೇಜಿನ ಮುಂದೆ ಕೂತು, ಏನೋ ಸಣ್ಣ ವಿಷಯ ಹೇಳುವವಳ ಹಾಗೆ, ‘ಅಪ್ಪಾ, ಭಾನುವಾರ ಮುಂದಿನ ಸಾಲಲ್ಲಿ ಅಮ್ಮಂಗೆ ಅಂತ ಒಂದು ಕುರ್ಚಿ ಖಾಲಿ ಬಿಡೋಣ ಅಂತಿದೀನಿ’ ಅಂದಳು. ಅವಳಪ್ಪ ತಟ್ಟೆಯಿಂದ ತಲೆ ಎತ್ತದೆ, ‘ಬಿಡೋಣಮ್ಮ’ ಅಂದರು. ಇವಳು ಆಗ ಲೋಟಗಳಿಗೆ ನೀರು ಹಾಕುತ್ತಿದ್ದಳು. ತುಂಬಿದ ಲೋಟಕ್ಕೇ ಮತ್ತೆ ಹಾಕಿ ಮೇಜೆಲ್ಲ ನೀರಾಯಿತು. ಬಟ್ಟೆ ತಂದು ಒರೆಸಿದಳು.

ಪಾಪು ಅಂದರೆ ಈಗ ಪಾಪುವೇನಲ್ಲ. ಹಲ್ಲಿನ ಡಾಕ್ಟರು, ದಿನವಿಡೀ ಊರವರ ದವಡೆಗೆ ಡ್ರಿಲ್ ಹಾಕುವವಳು, ಬರುವ ಭಾನುವಾರ ತನ್ನ ಜೊತೆಯ ಡಾಕ್ಟರನ್ನು ಮದುವೆಯಾಗುವವಳು. ನೋಂದಣಿ ಶನಿವಾರವೇ, ಭಾನುವಾರ ಬಾಡಿಗೆ ಹಾಲ್‌ನಲ್ಲಿ ನಾಲ್ಕು ಮಾತು, ಊಟ, ಅಷ್ಟೇ. ಆದರೂ ಮನೆಯಲ್ಲಿ ಆ ಹೆಸರು ಹೋಗಿಲ್ಲ. ಆ ಹೆಸರಿಟ್ಟವಳು ಇವಳ ಅಕ್ಕ, ಪಾಪುವಿನ ತಾಯಿ. ಹೆತ್ತ ಮೇಲೆ ಮಗುವಿಗೆ ಯಾವ ಹೆಸರಿಡಬೇಕೆಂದು ಎಲ್ಲರೂ ಜಗಳವಾಡುತ್ತಿದ್ದಾಗ ಅಕ್ಕ, ‘ಜಗಳ ಮುಗಿಯೋ ತನಕ ಪಾಪು ಅಂತಿರಲಿ’ ಅಂದಿದ್ದಳು. ಜಗಳ ಮುಗಿಯಿತು, ಒಳ್ಳೆಯ ಹೆಸರೂ ಸಿಕ್ಕಿತು, ಆದರೆ ಆ ಒಳ್ಳೆಯ ಹೆಸರಿನಿಂದ ಶಾಲೆಯವರು ಬಿಟ್ಟರೆ ಯಾರೂ ಕರೆಯಲಿಲ್ಲ. ಅಕ್ಕನ ಮಾತಿಗೆ ಅಂಥ ಒಂದು ಶಕ್ತಿ. ತಮಾಷೆಗೆ ಅಂದದ್ದೂ ಉಳಿದುಬಿಡುತ್ತಿತ್ತು. ಇವಳನ್ನು ಅಕ್ಕ ‘ಬಾಲ’ ಅಂತ ಕರೆಯುತ್ತಿದ್ದಳು. ಎಲ್ಲಿ ಹೋದರೂ ಹಿಂದೆ ಹಿಂದೆ ಬರುತ್ತಾಳೆ ಅಂತ. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ.

ಚಿಕ್ಕಂದಿನಲ್ಲಿ ಅಕ್ಕತಂಗಿಯರಿಬ್ಬರದೂ ಒಂದೇ ಹಾಸಿಗೆಯಾಗಿತ್ತು. ಗೋಡೆಯ ಕಡೆ ಇವಳು, ಆಚೆ ಅಕ್ಕ. ಚಳಿಗಾಲದಲ್ಲಿ ಅಕ್ಕ ತಣ್ಣನೆಯ ಪಾದಗಳನ್ನು ಇವಳ ಮೀನಖಂಡಕ್ಕೆ ಒತ್ತಿ ‘ಸ್ವಲ್ಪ ಹೊತ್ತು ಕಣೇ, ಬಾಡಿಗೆ ಕೊಡ್ತೀನಿ’ ಅನ್ನುತ್ತಿದ್ದಳು. ಕೊಟ್ಟದ್ದೇ ಇಲ್ಲ. ಸಿನಿಮಾಕ್ಕೆ ಹೋದರೆ ಟಿಕೆಟ್ ಕೈಗೆ ಬಂದದ್ದೇ ಅಕ್ಕ ಇವಳನ್ನು ಮುಂದೆ ತಳ್ಳುವಳು: ‘ಓಡು, ಜಾಗ ಹಿಡಿ, ನಾನು ಬಂದೆ.’ ಇವಳು ಗುಂಪಿನೊಳಗೆ ನುಸುಳಿ, ಮೊಣಕೈಗೆ ಏಟು ತಿಂದು, ಮಧ್ಯದ ಸಾಲಿನಲ್ಲಿ ಎರಡು ಕುರ್ಚಿ ಹಿಡಿದು, ಒಂದರ ಮೇಲೆ ತಾನು ಕೂತು ಇನ್ನೊಂದರ ಮೇಲೆ ಕೈಚಾಚಿ, ಬಂದವರಿಗೆಲ್ಲ ‘ಇಲ್ಲಿ ಜನ ಇದ್ದಾರೆ, ಇಲ್ಲಿ ಜನ ಇದ್ದಾರೆ’ ಎಂದು ಹೇಳುತ್ತ ಕೂರಬೇಕು. ಜನ ಕೋಪಿಸಿಕೊಳ್ಳುತ್ತಿದ್ದರು. ಯಾರಿದ್ದಾರೆ, ಗಾಳಿನಾ, ಎಂದು ಗದರುತ್ತಿದ್ದರು. ದೀಪ ಆರುವ ಹೊತ್ತಿಗೆ ಅಕ್ಕ ರಾಣಿಯ ಹಾಗೆ, ಕೈಯಲ್ಲಿ ಕಡಲೇಕಾಯಿ ಪೊಟ್ಟಣ ಹಿಡಿದು, ಯಾವ ಗಡಿಬಿಡಿಯೂ ಇಲ್ಲದೆ ಬರುವಳು. ಬಂದು ಕೂತ ಮೇಲೆ ಇವಳ ಕೈಯನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಳ್ಳುವಳು. ಅಷ್ಟು ಹೊತ್ತು ಚಾಚಿಯೇ ಇದ್ದ ಕೈ ಜುಮ್ಮೆನ್ನುತ್ತಿರುತ್ತಿತ್ತು, ಅಕ್ಕ ಅದನ್ನು ಉಜ್ಜುತ್ತ ತೆರೆಯನ್ನು ನೋಡುತ್ತಿದ್ದಳು. ಆ ಸುಖ ಮತ್ತೆ ಯಾವುದರಲ್ಲೂ ಸಿಕ್ಕಲಿಲ್ಲ.

ಎದುರಿನ ಮೇಜಿನಲ್ಲಿ ಪ್ರೂಫ್ ತಿದ್ದುವಾಕೆ ಕೆಮ್ಮಿದಳು. ಹತ್ತಿರ ಸಂಪಾದಕರು ಬಂದು ನಿಂತಿದ್ದರು. ಅವರು ಒಳ್ಳೆಯವರು, ಬೈಯುವವರಲ್ಲ, ಆದರೆ ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುವುದು ಅವರ ರೂಢಿ. ಕಚೇರಿಯಲ್ಲಿ ಅವರ ಬೆನ್ನ ಹಿಂದಿನ ಹೆಸರು ಅಲ್ಪವಿರಾಮ. ಅವಳು ನಿನ್ನೆ ಒಪ್ಪಿಸಿದ ‘ಪ್ಲೇಸ್’ನ ಮೊದಲ ಕರಡು ಅವರ ಕೈಯಲ್ಲಿತ್ತು. ಹುದ್ದೆ, ಅಂತಸ್ತು, ಪಂದ್ಯದಲ್ಲಿ ಗೆದ್ದವರ ಸ್ಥಾನ, ಕ್ರಿಯಾಪದವಾದರೆ ಇಡು, ಇರಿಸು, ಮುಖ ನೋಡಿ ಗುರುತು ಹಚ್ಚು, ಎಲ್ಲ ಬಂದಿದೆ, ತುಂಬ ಚೆನ್ನಾಗಿದೆ ಎಂದು ಹೊಗಳಿದರು. ‘ಔಟ್ ಆಫ್ ಪ್ಲೇಸ್’ ಅನ್ನುವುದಕ್ಕೆ ‘ಸಲ್ಲದ ಕಡೆ ಸಿಕ್ಕಿಕೊಂಡ’ ಎಂದು ಬರೆದದ್ದನ್ನಂತೂ ಎರಡು ಸಲ ಓದಿ ಹೇಳಿದರು. ಆಮೇಲೆ, ‘ಆದರೆ, ಒಂದು, ಬಿಟ್ಟುಹೋಗಿದೆ ಅನ್ಸುತ್ತೆ,’ ಅಂದರು. ಅವಳಿಗೆ ಏನು ಬಿಟ್ಟುಹೋಗಿದೆ ಎಂದು ಹೊಳೆಯಲೇ ಇಲ್ಲ. ‘ಇನ್, ಪ್ಲೇಸ್, ಆಫ್’ ಎಂದು ಅವರು ಪದ ಪದಕ್ಕೂ ನಿಂತು ಹೇಳಿದಾಗ ಮುಖಕ್ಕೆ ನೀರೆರಚಿದ ಹಾಗಾಯಿತು. ಒಬ್ಬರ ಬದಲಿಗೆ ಇನ್ನೊಬ್ಬರು, ಒಂದರ ಬದಲಿಗೆ ಇನ್ನೊಂದು. ನೂರು ವರ್ಷದ ಹಿಂದಿನ ಅಂಗೈಯಗಲದ ನಿಘಂಟಿನಲ್ಲೂ ಅದು ಇರುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಪ್ರೂಫಿನಾಕೆ, ‘ಮದುವೆ ಮನೆಯವರು ಸಾರ್, ಇವತ್ತು ಅವರನ್ನ ಬಿಟ್ಬಿಡಿ’ ಎಂದು ನಗುತ್ತ ಕಾಪಾಡಲು ನೋಡಿದಳು. ಸಂಪಾದಕರೂ ನಕ್ಕರು. ಅವಳೂ ನಕ್ಕಳು. ಒಂದು ಉದಾಹರಣೆ ವಾಕ್ಯವನ್ನೂ ಸೇರಿಸಿ ಸಂಜೆಯೊಳಗೆ ಕೊಟ್ಟುಬಿಡಿ ಎಂದು ಹೇಳಿ ಅವರು ಹೋದರು.

ಬೇಕಂತಲೇ ಬಿಟ್ಟದ್ದಲ್ಲ. ಅದನ್ನು ಯಾರಿಗೆ ಬೇಕಾದರೂ ಆಣೆ ಇಟ್ಟು ಹೇಳುತ್ತಾಳೆ. ಆದರೆ ಬೇಕಂತಲೇ ಬಿಟ್ಟಿದ್ದರೆ ವಾಸಿಯಿತ್ತು. ಹೀಗೆ ಕಣ್ಣೆದುರಿಗೇ ಇರುವುದು ಕಾಣದೆ ಹೋಯಿತಲ್ಲ ಎಂಬುದೇ ಅವಳನ್ನು ಒಳಗೊಳಗೇ ಕೊರೆಯಿತು. ಉದಾಹರಣೆ ವಾಕ್ಯವೇನು ಮಹಾ. ಸಕ್ಕರೆಯ ಬದಲಿಗೆ ಜೇನು ಹಾಕಿದರು. ಬರೆದು ಹೊಡೆದು ಹಾಕಿದಳು, ಜೇನಿಗೆ ಯಾರೂ ನೀನು ಸಕ್ಕರೆಯಷ್ಟು ಸಿಹಿಯಾಗಿಲ್ಲ ಎಂದು ಹೇಳುವುದಿಲ್ಲ. ರಜೆ ಹಾಕಿದ ಗುಮಾಸ್ತರ ಬದಲಿಗೆ ಬೇರೊಬ್ಬರು ಬಂದರು. ರಜೆ ಮುಗಿದ ಮೇಲೆ ಆ ಬೇರೊಬ್ಬರು ಎಲ್ಲಿ ಹೋಗುತ್ತಾರೆ? ಹೊಡೆದು ಹಾಕಿದಳು. ಬರೆದ ಒಂದೊಂದು ವಾಕ್ಯವೂ ತಿರುಗಿ ಅವಳ ಮುಖವನ್ನೇ ನೋಡುತ್ತಿತ್ತು. ಅಕ್ಕ ಹೋದ ಆ ವರ್ಷ ದೊಡ್ಡವರೆಲ್ಲ ಹಜಾರದಲ್ಲಿ ಕೂತು ಮಾತಾಡುತ್ತಿದ್ದದ್ದು ಇವಳಿಗೆ ಒಳಗಿನ ಕೋಣೆಗೆ ಕೇಳಿಸುತ್ತಿತ್ತು. ಮಗುವಿಗೊಬ್ಬರು ಬೇಕಲ್ಲ, ಹೊರಗಿನವಳು ಬಂದು ಹೇಗೋ ಏನೋ, ಇವಳಾದರೆ ಮಗು ಹೊಂದಿಕೊಂಡಿದೆ, ಅಕ್ಕನ ಜಾಗಕ್ಕೆ ತಂಗಿಯೇ ಬಂದರೆ ಹೊಸದಾಗಿ ಏನನ್ನೂ ಜೋಡಿಸಬೇಕಾದ್ದಿಲ್ಲ. ಕಪಾಟು, ಹಾಸಿಗೆ, ಗಡಿಯಾರದ ಮಾತಾಡಿದ ಹಾಗೆ ಮಾತಾಡಿದರು. ಕೆಟ್ಟವರಲ್ಲ. ಎಲ್ಲರ ಕಣ್ಣೂ ಅತ್ತು ಕೆಂಪಾಗಿತ್ತು. ಇವಳ ಅಮ್ಮ ಬಂದು ತಲೆ ಸವರಿ, ‘ಏನಂತೀಯೇ?’ ಅಂದಾಗ ಇವಳು ‘ಹೂಂ’ ಅಂದಳು. ಯಾರ ಬಲವಂತವೂ ಇರಲಿಲ್ಲ. ಅಕ್ಕನ ಪಾಪು ಇವಳ ಲಂಗದ ಅಂಚು ಹಿಡಿದುಕೊಂಡೇ ನಿದ್ದೆ ಹೋಗಿತ್ತು, ಬಿಡಿಸಿಕೊಂಡು ಏಳುವುದು ಹೇಗೆ ಎಂದು ಇವಳಿಗೆ ಗೊತ್ತಾಗಲಿಲ್ಲ.

ಆಮೇಲಿನದು ನೆನೆಸಿಕೊಂಡರೆ ಈಗ ನಗು. ಮದುವೆಯಾದ ಮೇಲೂ ಅವಳ ಬಾಯಿಗೆ ಅವರು ‘ಭಾವ’ನೇ. ಐದಾರು ವರ್ಷದ ನಾಲಿಗೆಯ ಅಭ್ಯಾಸ, ಒಂದು ದಿನದಲ್ಲಿ ಹೋಗುತ್ತದೆಯೇ? ಭಾವ ಸರ್ವೆ ಇಲಾಖೆಯವರು. ಜಗತ್ತಿನ ಎಲ್ಲರ ಜಾಗವನ್ನೂ ಸರಪಳಿ ಹಿಡಿದು ಅಳೆದು, ಇದು ನಿನ್ನದು ಇದು ಅವನದು ಎಂದು ಗಡಿಗಲ್ಲು ನೆಟ್ಟು ಬರುವವರು, ಮನೆಗೆ ಬಂದರೆ ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದೂ ತಿಳಿಯದವರು. ಪಾಪು ಜಾರುಬಂಡೆಯಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡು ಬಂದ ದಿನ ಮೂವರೂ ದವಾಖಾನೆಗೆ ಓಡಿದರು. ಡಾಕ್ಟರು ಹತ್ತಿ ಒತ್ತುತ್ತ, ಅವರನ್ನು ತೋರಿಸಿ, ‘ಇವರು ನಿಮಗೇನಾಗ್ಬೇಕು?’ ಎಂದು ಇವಳನ್ನು ಕೇಳಿದರು. ಇವಳು ‘ಭಾವ’ ಅಂದಳು. ಅದೇ ಉಸಿರಿಗೆ ಅವರು ‘ನನ್ನ ಹೆಂಡತಿ’ ಅಂದರು. ಡಾಕ್ಟರು ಒಮ್ಮೆ ಇವಳ ಮುಖ, ಒಮ್ಮೆ ಅವರ ಮುಖ ನೋಡಿದರು. ಔಷಧಿ ಕಟ್ಟುತ್ತಿದ್ದ ಕಂಪೌಂಡರು ಕೈಯಲ್ಲಿದ್ದ ಪೊಟ್ಟಣವನ್ನು ಹಾಗೇ ಹಿಡಿದು ನಿಂತುಬಿಟ್ಟ. ವಿವರಿಸೋಣವೆಂದು ಇವಳು ಬಾಯಿ ತೆರೆದಷ್ಟೂ ಅದು ಇನ್ನೂ ಕೆಡುತ್ತ ಹೋಯಿತು; ಅಲ್ಲ, ಅವರು ನಮ್ಮಕ್ಕನ, ಅಂದರೆ ಮೊದಲು ಅಕ್ಕನ, ಈಗ ನನ್ನ. ಕೊನೆಗೆ ರಕ್ತ ತುಂಬಿದ ಬಾಯಲ್ಲೇ ಪಾಪು, ‘ಇವಳು ನಮ್ಮ ಚಿಕ್ಕಮ್ಮ’ ಎಂದು ತೀರ್ಮಾನ ಕೊಟ್ಟಳು. ಅಂದಿನಿಂದ ಇವಳು ‘ರೀ’ ಅನ್ನುವುದನ್ನು ಕಲಿತಳು. ಅವರು ಮಾತ್ರ ಇವಳನ್ನು ಏನೆಂದೂ ಕರೆಯದೆ, ‘ಇಲ್ನೋಡು’, ‘ಕೇಳಿಸ್ತಾ’ ಅನ್ನುವುದರಲ್ಲೇ ಇಷ್ಟು ವರ್ಷ ಸಂಸಾರ ಸಾಗಿಸಿದರು. ಪ್ರೀತಿ ಇರಲಿಲ್ಲವೆಂದಲ್ಲ. ಇವಳಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬೆಳಗಿನ ತನಕ ಕೂತಿದ್ದಾರೆ. ಆದರೆ ಅಕ್ಕನನ್ನು ಅವರು ಹೆಸರು ಹಿಡಿದು ಕೂಗುತ್ತಿದ್ದರು; ಗೇಟಿನಿಂದಲೇ ಕೂಗಿದರೆ ಅಡುಗೆಮನೆಯ ತನಕ ಕೇಳಬೇಕು, ಹಾಗೆ.

ಆ ದವಾಖಾನೆಯಲ್ಲಿ ಪಾಪು ಕೊಟ್ಟ ತೀರ್ಮಾನವನ್ನೇ ಅವಳು ಇಷ್ಟು ವರ್ಷವೂ ತಿರುವಿ ತಿರುವಿ ನೋಡುತ್ತ ಬಂದಿದ್ದಾಳೆ. ಚಿಕ್ಕಮ್ಮ. ನಿಘಂಟಿನವಳ ಕೆಟ್ಟ ಚಾಳಿ, ಪದ ಕಂಡರೆ ಅಂಕಿ ಹಾಕದೆ ಇರಲಾರಳು. ಒಂದು, ತಾಯಿಯ ತಂಗಿ. ಎರಡು, ತಂದೆಯ ಎರಡನೆಯ ಹೆಂಡತಿ. ಮೊದಲನೆಯದು ಮಡಿಲಲ್ಲಿ ಕೂರಿಸಿಕೊಂಡು ಕಾಡಿಸಿ ಮುದ್ದು ಮಾಡುವವಳು, ಅಮ್ಮ ಬೈದರೆ ಓಡಿಹೋಗಿ ಬಚ್ಚಿಟ್ಟುಕೊಳ್ಳಲು ಇರುವವಳು. ಎರಡನೆಯದನ್ನು ಜನ ದನಿ ತಗ್ಗಿಸಿ ಹೇಳುತ್ತಾರೆ. ಪಾಪು ಮಾತು ಬಂದಂದಿನಿಂದ ಇವಳನ್ನು ಕರೆಯುತ್ತ ಬಂದದ್ದು ಅದೇ ಪದದಿಂದ. ಅಕ್ಕ ಇದ್ದಾಗಲೂ ಚಿಕ್ಕಮ್ಮ, ಅಕ್ಕ ಹೋದ ಮೇಲೂ ಚಿಕ್ಕಮ್ಮ. ಯಾವತ್ತು ಒಂದು ಹೋಗಿ ಎರಡಾಯಿತು, ಅಥವಾ ಆಗಲೇ ಇಲ್ಲವೇ, ಇವಳಿಗೆ ಗೊತ್ತಾಗಲಿಲ್ಲ. ಕೇಳುವುದೂ ಹೇಗೆ? ಶಾಲೆಗೆ ಕರೆತರಲು ಹೋದಾಗ ಗೇಟಿನ ಬಳಿ ಬೇರೆ ತಾಯಂದಿರ ನಡುವೆ ನಿಂತಿರುತ್ತಿದ್ದಳು, ಗಂಟೆ ಹೊಡೆದು ಮಕ್ಕಳು ಓಡಿ ಬರುವಾಗ ಎಲ್ಲ ಕಡೆಯಿಂದಲೂ ಅಮ್ಮಾ ಅಮ್ಮಾ, ನಡುವಿನಿಂದ ಒಂದು ಚಿಕ್ಕಮ್ಮಾ. ಎಲ್ಲರೂ ತಿರುಗಿ ನೋಡುತ್ತಿದ್ದರು. ಇವಳಿಗೆ ಅವಮಾನವೂ ಆಗುತ್ತಿತ್ತು, ಅಷ್ಟು ಅಮ್ಮಂದಿರಲ್ಲಿ ತಾನೊಬ್ಬಳೇ ಚಿಕ್ಕಮ್ಮ ಎಂದು ಒಂದು ಬಗೆಯ ಹೆಮ್ಮೆಯೂ ಆಗುತ್ತಿತ್ತು. ಎಂಥ ಚಂದದ ದಿನಗಳು ಅವು. ಪಾಪು ದಾರಿಯಲ್ಲಿ ನಡೆಯುತ್ತಲೇ ಇರಲಿಲ್ಲ, ಕುಪ್ಪಳಿಸುತ್ತಿದ್ದಳು. ಚೀಲ ಇವಳ ಹೆಗಲಿಗೆ, ನೀರಿನ ಬಾಟಲು ಇವಳ ಕುತ್ತಿಗೆಗೆ, ಮುರಿದ ಹಲ್ಲಿನ ಸಂದಿಯಿಂದ ಸಿಳ್ಳೆಯ ಹಾಗೆ ಬರುವ ಮಾತುಗಳೆಲ್ಲ ಇವಳ ಕಿವಿಗೆ. ಆ ರಸ್ತೆಯ ಮೂಲೆಯಲ್ಲಿ ಒಬ್ಬ ಛತ್ರಿ ರಿಪೇರಿಯವನಿದ್ದ. ಅವನು ದಿನಾ, ‘ಏನು, ತಾಯಿ ಮಗಳು ಬಂದ್ರಾ?’ ಎಂದು ಕೇಳುತ್ತಿದ್ದ. ಅವನನ್ನು ಇಬ್ಬರೂ ತಿದ್ದುತ್ತಿರಲಿಲ್ಲ. ಮಳೆಯಿಲ್ಲದ ದಿನಗಳಲ್ಲೂ ಇವಳು ಆ ಮೂಲೆಯ ದಾರಿಯನ್ನೇ ಹಿಡಿಯುತ್ತಿದ್ದಳು.

ಭಾನುವಾರ ಎಲ್ಲಿ ಕೂರಲಿ? ವಿಷಯ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಅಲ್ಲ, ಯಾರಿಗಾದರೂ ಹೇಳಿದರೆ ನಕ್ಕಾರು. ಮುಂದಿನ ಸಾಲಿನಲ್ಲಿ ಭಾವ ಕೂರುತ್ತಾರೆ. ಅವರ ಪಕ್ಕದ ಕುರ್ಚಿ ಪಾಪುವಿನ ಅಮ್ಮನದು, ಅದು ಖಾಲಿ. ಖಾಲಿ ಕುರ್ಚಿಯ ಆಚೆ ಕೂತರೆ ಗಂಡನಿಗೂ ತನಗೂ ನಡುವೆ ಸತ್ತ ಅಕ್ಕ. ಬಂದವರೆಲ್ಲ ನೋಡಿ ಅಯ್ಯೋ ಅನ್ನುತ್ತಾರೆ. ಎರಡನೆಯ ಸಾಲಿನಲ್ಲಿ ಕೂತರೆ ಅಲ್ಲಿಗೆ ಲೆಕ್ಕ ಚುಕ್ತಾ ಆದ ಹಾಗೆ, ಎರಡು ಅಂದರೆ ಎರಡು. ಖಾಲಿ ಕುರ್ಚಿಯನ್ನು ನೋಡುವವರಿಗೆಲ್ಲ ಅದು ಹೇಳುವುದೇನು? ಇಷ್ಟು ವರ್ಷವೂ ಇದು ಖಾಲಿಯೇ ಇತ್ತು, ಯಾರೂ ತುಂಬಲಿಲ್ಲ ಎಂದು ತಾನೇ? ಹಾಗಾದರೆ ತಾನು ಜ್ವರದಲ್ಲಿ ಎದ್ದು ಕಟ್ಟಿದ ಡಬ್ಬಿಗಳು, ಪರೀಕ್ಷೆಯ ಕಾಲದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ದಿನಗಳು, ಮೊದಲ ಸಲ ರಕ್ತ ಕಂಡು ಹೆದರಿದ ಹುಡುಗಿಯನ್ನು ಬಚ್ಚಲಲ್ಲಿ ಅಪ್ಪಿಕೊಂಡು ನಿಂತದ್ದು, ಅದೆಲ್ಲ ಎಲ್ಲಿ ನಡೆಯಿತು, ಯಾವ ಜಾಗದಲ್ಲಿ ನಡೆಯಿತು? ಇದನ್ನು ಯೋಚಿಸಿದ್ದೇ ತಡ ಅವಳಿಗೆ ನಾಚಿಕೆಯಾಯಿತು. ಸತ್ತ ಅಕ್ಕನ ಒಂದು ಕುರ್ಚಿಗೆ ಹೊಟ್ಟೆಕಿಚ್ಚು ಪಡುವಷ್ಟು ಕೀಳಾದೆನೇ ತಾನು? ತಾಯಿಯನ್ನು ನೆನೆಯುವ ಹಕ್ಕು ಮಗಳಿಗಿಲ್ಲವೇ? ಇದೆ. ‘ಒಬ್ಬರು ಬರಲಾರದಾದಾಗ ಅವರ ಬದಲಿಗೆ ಇನ್ನೊಬ್ಬರು ಹೋದರು’ ಎಂದು, ಮುಖವೂ ಇಲ್ಲದ ಊರೂ ಇಲ್ಲದ ಒಂದು ವಾಕ್ಯ ಬರೆದು, ಸಂಪಾದಕರ ಮೇಜಿನ ಮೇಲಿಟ್ಟು, ಬೇಗನೆ ಹೊರಟುಬಿಟ್ಟಳು. ಹಾಲ್‌ನಲ್ಲಿ ಕುರ್ಚಿ ಹಾಕಿಸಿ ನೋಡಬೇಕು, ಬಾ ಚಿಕ್ಕಮ್ಮ ಎಂದು ಪಾಪು ಹೇಳಿದ್ದಳು.

ಹಾಲ್ ಅಂದರೆ ಹಳೆಯದೊಂದು ಉದ್ದನೆಯ ಕಟ್ಟಡ, ಎತ್ತರದ ಕಿಟಕಿಗಳು, ಒರೆಸಿದ ನೆಲದ ಫಿನಾಯಿಲ್ ವಾಸನೆ. ಕುರ್ಚಿ ಬಾಡಿಗೆಯವನು ಒಂದರ ಮೇಲೊಂದು ಪೇರಿಸಿದ ಕುರ್ಚಿಗಳನ್ನು ಬಿಡಿಸಿ ಬಿಡಿಸಿ ಸಾಲು ಹಾಕುತ್ತಿದ್ದ. ಪ್ರತಿ ಕುರ್ಚಿಯೂ ನೆಲಕ್ಕೆ ತಾಗಿದಾಗ ಸದ್ದು ಛಾವಣಿಯ ತನಕ ಹೋಗಿ ಬರುತ್ತಿತ್ತು. ಪಾಪು ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಕೈಯಿಂದ ಇನ್ನೂ ಲವಂಗದೆಣ್ಣೆಯ ವಾಸನೆ. ಸೆರಗಿಗೆ ಅಂಟಿದ್ದ ದಾರದ ಎಳೆಯೊಂದನ್ನು ಇವಳು ಅವಳ ಭುಜದಿಂದ ತೆಗೆಯಲು ಹೋದಾಗ, ಹುಡುಗಿ ಅಕ್ಕನದೇ ಎತ್ತರಕ್ಕೆ ಬೆಳೆದಿದ್ದಾಳೆ ಎನ್ನಿಸಿ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಅಕ್ಕ ತೀರಿಕೊಂಡಾಗಿನ ವಯಸ್ಸಿಗೂ ಬಂದುಬಿಟ್ಟಿದ್ದಾಳೆ. ಅಪ್ಪನ ಕುರ್ಚಿ ಇದು, ಇದರ ಪಕ್ಕ ಅಮ್ಮನದು ಎಂದು ಪಾಪು ಮುಂದಿನ ಸಾಲಿನ ಕುರ್ಚಿಗಳ ಬೆನ್ನು ಮುಟ್ಟುತ್ತ ಬಂದಳು. ಗಂಡಿನ ಅಪ್ಪ ಅಮ್ಮ ಆ ಕಡೆ. ಆಮೇಲೆ ತಿರುಗಿ ನಿಂತು ಕೇಳಿದಳು.

‘ನೀನೆಲ್ಲಿ ಕೂತ್ಕೋತೀಯ ಚಿಕ್ಕಮ್ಮ?’

ದಾರಿಯುದ್ದಕ್ಕೂ ಇದೇ ಪ್ರಶ್ನೆಗೆ ಸಿದ್ಧವಾಗಿ ಬಂದಿದ್ದಳಲ್ಲ, ಉತ್ತರ ನೀರು ಕುಡಿದಷ್ಟು ಸುಲಭವಾಗಿ ಬಂತು. ‘ನಂಗೇನು ಕಣೇ, ಎಲ್ಲಾದ್ರೂ ಕೂತ್ಕೋತೀನಿ. ಊಟದ ಕಡೆ ಯಾರಾದ್ರೂ ಓಡಾಡ್ತಿರಬೇಕಲ್ಲ. ಹಿಂದೆ, ಆ ಬಾಗಿಲ ಹತ್ರ ಇದ್ರೆ ನಂಗೇ ಅನುಕೂಲ.’ ಹೇಳಿದ ಮೇಲೆ ತನ್ನ ದನಿ ಎಷ್ಟು ಸಹಜವಾಗಿತ್ತು ಎಂದು ತನಗೇ ಮೆಚ್ಚುಗೆಯಾಯಿತು. ಪಾಪು ಒಂದು ಕುರ್ಚಿ ಎಳೆದುಕೊಂಡು ಅದರ ಮೇಲೆ ಹಿಂದುಮುಂದಾಗಿ ಕೂತು, ಬೆನ್ನಿನ ಪಟ್ಟಿಯ ಮೇಲೆ ಗಲ್ಲವಿಟ್ಟು, ಇವಳನ್ನೇ ನೋಡಿದಳು. ಸಿಟ್ಟು ಬಂದಾಗ ಚಿಕ್ಕಂದಿನಿಂದಲೂ ಹಾಗೇ ಕೂರುವುದು.

ನೀನು ಹೀಗೇ ಹೇಳುತ್ತೀಯ ಅಂತ ನನಗೆ ಗೊತ್ತಿತ್ತು ಎಂದಳು ಪಾಪು. ಬೇಕಂತಲೇ ನಿನ್ನೆ ನಿನ್ನ ಎದುರಿಗೇ ಆ ಮಾತು ತೆಗೆದೆ, ನೀನು ಏನಾದರೂ ಅಂತೀಯ, ಜಗಳಾನಾದರೂ ಆಡ್ತೀಯ ಅಂದುಕೊಂಡರೆ, ನೀನು ಮೇಜು ಒರೆಸಿದೆ. ಆಮೇಲೆ, ‘ನಾನು ಒಂದ್ಸಲ ನಿನ್ನ ಅಮ್ಮ ಅಂತ ಕರೆದಿದ್ದೆ, ನೆನಪಿದ್ಯಾ?’ ಅಂದಳು.

ನೆನಪಿಲ್ಲದೆ ಏನು. ಸ್ವೆಟರಿನ ಗುಂಡಿ ಹಾಕುತ್ತಿದ್ದಳು ಇವಳು, ಒಂದು ಮನೆ ತಪ್ಪಿ ಗುಂಡಿಗಳೆಲ್ಲ ಮೇಲೆ ಕೆಳಗಾಗಿದ್ದವು. ಪಾಪು ನಗುತ್ತ, ಅಮ್ಮಾ ತಪ್ಪು ಹಾಕಿದೀಯ ನೋಡು, ಅಂದಿತ್ತು. ಇವಳು ಮಗುವಿನ ಗಲ್ಲ ಹಿಡಿದು, ‘ನಾನು ಚಿಕ್ಕಮ್ಮ ಕಣೋ. ಅಮ್ಮ ಅಂದ್ರೆ ನಿಮ್ಮಮ್ಮ ಒಬ್ಬಳೇ’ ಎಂದು ಹೇಳಿ, ಗುಂಡಿಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಹಾಕಿದ್ದಳು. ಅದು ತಾನು ಅಕ್ಕನಿಗೆ ತೋರಿಸಿದ ನಿಯತ್ತು ಎಂದು ಇವತ್ತಿನವರೆಗೆ ಅಂದುಕೊಂಡಿದ್ದಳು. ಅಕ್ಕ ಎಲ್ಲಿದ್ದರೂ ಕೇಳಿಸಿಕೊಂಡಿರುತ್ತಾಳೆ, ಬಾಲ ನನ್ನ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ, ತಾನೂ ಕೂರಲಿಲ್ಲ ಎಂದು ಸಮಾಧಾನಪಟ್ಟಿರುತ್ತಾಳೆ. ಅವತ್ತು ಭಾವನಿಗೂ ಹೇಳಿದ್ದಳು. ಅವರು ಕಿಟಕಿಯ ಹೊರಗೆ ನೋಡುತ್ತ ಹೂಂ ಅಂದಿದ್ದರು.

‘ಅವತ್ತು ನಾನು ಅಂದ್ಕೊಂಡೆ, ಇವಳಿಗೆ ನನ್ನ ಅಮ್ಮ ಆಗೋಕೆ ಇಷ್ಟ ಇಲ್ಲ ಅಂತ,’ ಎಂದಳು ಪಾಪು. ‘ನಂಗೆ ಅಮ್ಮನ ಮುಖ ಸರಿಯಾಗಿ ನೆನಪೂ ಇಲ್ಲ ಚಿಕ್ಕಮ್ಮ. ಕಣ್ಣು ಮುಚ್ಚಿದ್ರೆ ಬರೋದು ನಿನ್ನ ಮುಖಾನೇ. ಆದ್ರೆ ನೀನು ಯಾವಾಗ ನೋಡಿದ್ರೂ, ಯಾರೋ ಒಳಗೆ ಹೋಗಿದ್ದಾರೆ, ಈಗ ಬರ್ತಾರೆ, ಅಲ್ಲೀ ತನಕ ನಾನಿದೀನಿ ಅನ್ನೋ ಹಾಗೆ ಇರ್ತೀಯ. ಕುರ್ಚಿ ತುದೀಲಿ ಕೂತಿರ್ತೀಯ. ನಮ್ಮ ಮನೇಲಿ ನೀನು ಒಂದು ದಿನ ಒರಗಿ ಕೂತಿದ್ದು ನಾನು ನೋಡಿಲ್ಲ.’

ಕುರ್ಚಿಯವನು ಆ ಕಡೆಯ ಗೋಡೆಯ ಬಳಿ ಇನ್ನೊಂದು ಪೇರಿಕೆಯನ್ನು ಎಳೆದ ಸದ್ದಿಗೆ ಪಾಪು ಮಾತು ನಿಲ್ಲಿಸಬೇಕಾಯಿತು. ಸದ್ದು ಅಡಗುವ ತನಕ ಕಾದಳು.

‘ಆ ಕುರ್ಚಿ ಯಾಕೆ ಇಡ್ತಿರೋದು ಅಂದ್ಕೊಂಡೆ ನೀನು? ಅಮ್ಮ ಬಂದು ಅವಳ ಜಾಗದಲ್ಲಿ ಕೂತ್ಕೊಳ್ಳಲಿ ಅಂತ. ಅವಳು ಕೂತ್ಮೇಲಾದ್ರೂ ನೀನು ಅದನ್ನ ಕಾಯೋದು ಬಿಡ್ತೀಯೇನೋ ಅಂತ.’

ಅಷ್ಟು ಹೇಳಿ ಪಾಪುವಿಗೇ ಅಳು ಬಂದುಬಿಟ್ಟಿತು. ಡಾಕ್ಟರಮ್ಮ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡು, ಬೆಳಕಿನ ಸ್ವಿಚ್ಚುಗಳು ಎಲ್ಲಿವೆ ಎಂದು ನೋಡಿ ಬರುತ್ತೇನೆ ಎಂದು ಎದ್ದು ಹೋದಳು. ಹೋಗುವಾಗ ಇವಳ ಹೆಗಲನ್ನು ಹಿಡಿದು, ಕ್ಲಿನಿಕ್ಕಿನಲ್ಲಿ ಹೆದರಿದವರನ್ನು ಕೂರಿಸುವ ಹಾಗೆ ಅದುಮಿ, ಅಮ್ಮನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಏಳಬೇಡ ಎಂದಳು.

ಅವಳು ಏಳಲಿಲ್ಲ. ಹಿಂದಕ್ಕೆ ಒರಗಿದಳು, ಪ್ಲಾಸ್ಟಿಕ್ಕಿನ ಬೆನ್ನು ತಣ್ಣಗಿತ್ತು, ಸ್ವಲ್ಪ ಬಾಗಿತು, ಮುರಿದೀತೆಂದು ಹೆದರಿಕೆಯಾಯಿತು, ಮುರಿಯಲಿಲ್ಲ. ಒಂದು ಪಕ್ಕದ ಕುರ್ಚಿ ಖಾಲಿ. ಅದರತ್ತ ನೋಡದೆ ಕಿಟಕಿಯತ್ತ ನೋಡಿದಳು. ಅಕ್ಕ ಹೋದಾಗ ತಾನು ಅತ್ತಿದ್ದೆನೇ ಎಂದು ನೆನೆಸಿಕೊಳ್ಳಲು ನೋಡಿದಳು. ತನ್ನ ಅಮ್ಮ ಅತ್ತದ್ದು ನೆನಪಿದೆ, ಅಮ್ಮನಿಗೆ ನೀರು ಕುಡಿಸಿದ್ದು ನೆನಪಿದೆ. ಭಾವ ಹಿತ್ತಲ ಬಾಗಿಲಿಗೆ ಹಣೆ ಚಚ್ಚಿಕೊಂಡದ್ದು, ಪಾಪುವನ್ನು ಆ ಕಡೆ ಹೋಗದ ಹಾಗೆ ಎತ್ತಿಕೊಂಡು ಬೀದಿಗೆ ಹೋಗಿ ಬಸ್ಸುಗಳನ್ನು ತೋರಿಸಿದ್ದು ನೆನಪಿದೆ. ಆಮೇಲೆ ಹಜಾರದ ಮಾತು, ಹೂಂ ಅಂದದ್ದು. ಅದಾದ ಮೇಲೆ ಅಳಲು ಅವಳು ಯಾರಾಗಿ ಅಳಬೇಕಿತ್ತು? ಆ ಮನೆಯಲ್ಲಿ ಅಕ್ಕ ಮಗಳಿಗೆ ‘ಅಮ್ಮ’, ಗಂಡನಿಗೆ ‘ಅವಳು’. ಇವಳೂ ಮಗುವಿನ ಮುಂದೆ ‘ನಿಮ್ಮಮ್ಮ’ ಅಂದಳು, ಭಾವನ ಮುಂದೆ ಏನೂ ಅನ್ನಲಿಲ್ಲ. ತನ್ನ ಅಮ್ಮನೂ ತೀರಿಕೊಂಡ ಮೇಲಂತೂ ಅಕ್ಕ ಅನ್ನುವ ಪದವನ್ನು ಆಡಲು ಒಬ್ಬರೂ ಉಳಿಯಲಿಲ್ಲ. ಇಷ್ಟು ವರ್ಷ ಪದಗಳ ನಡುವೆಯೇ ಬದುಕಿದವಳಿಗೆ ತನ್ನ ಬಾಯಿಂದ ಒಂದು ಪದ ಬಿದ್ದುಹೋದದ್ದು ತಿಳಿಯಲೇ ಇಲ್ಲವಲ್ಲ. ಬೇರೆಯವರಿಗೆ ಅವಳು ಮಗಳು, ಹೆಂಡತಿ, ಅಮ್ಮ; ತನಗೆ ಅವಳು ಅಕ್ಕ, ತನ್ನ ಮೀನಖಂಡಕ್ಕೆ ಕಾಲು ಒತ್ತಿ ಮಲಗುತ್ತಿದ್ದಳು, ಸತ್ತುಹೋದಳು, ಅವಳಿಗಾಗಿ ತಂಗಿಯೊಬ್ಬಳು ಅಳಬೇಕಾಗಿತ್ತು, ಆ ತಂಗಿ ಆ ಹೊತ್ತಿಗೆ ಎಲ್ಲೂ ಇರಲಿಲ್ಲ.

ಕಣ್ಣಿಂದ ನೀರು ಇಳಿಯಿತು. ಖಾಲಿ ಕುರ್ಚಿಯ ಕಡೆಗೆ ತಿರುಗಿ, ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವಷ್ಟೇ ದನಿಯಲ್ಲಿ, ‘ಅಕ್ಕಾ’ ಅಂದಳು. ಹಾಲ್ ಖಾಲಿಯಿತ್ತಲ್ಲ, ಅಷ್ಟೇ ದನಿ ಛಾವಣಿಗೆ ಹೋಗಿ ದೊಡ್ಡದಾಗಿ ಕೇಳಿಸಿತು.

ಕೊನೆಯ ಸಾಲಿನಿಂದ ಕುರ್ಚಿಯವನು ಕತ್ತೆತ್ತಿದ. ‘ಏನಮ್ಮಾ, ಕರೆದ್ರಾ?’

‘ಇಲ್ಲಪ್ಪ, ನಿಮ್ಮನ್ನಲ್ಲ,’ ಅಂದಳು ಅವಳು, ಕಣ್ಣೊರೆಸಿಕೊಳ್ಳದೆ. ‘ನಮ್ಮಕ್ಕನ್ನ ಕರೆದೆ.’